ದಿಶಾಂಕ್ ಆ್ಯಪ್: ಜಾಗ ಹುಡುಕಲು ಸಾಕು, ಬೇಲಿ ಹಾಕಲು ಸಾಲದು

ಅಂಗನವಾಡಿಗೋ ನೀರಿನ ಟ್ಯಾಂಕಿಗೋ ಜಾಗ ನೋಡುವ ಪಂಚಾಯ್ತಿಯವರು ಮೊದಲು ತೆರೆಯಬೇಕಾದ್ದು ದಿಶಾಂಕ್. ಕಂದಾಯ ಇಲಾಖೆಯ ಉಚಿತ ಆ್ಯಪ್. ಸ್ಥಳದಲ್ಲಿ ನಿಂತು ಲೊಕೇಶನ್ ಆನ್ ಮಾಡಿದರೆ ಗ್ರಾಮ, ಹೋಬಳಿ, ಸರ್ವೆ ನಂಬರ್ ಬರುತ್ತದೆ. ಸರ್ನೋಕ್, ಹಿಸ್ಸಾ (ಸರ್ವೆ ನಂಬರಿನ ಉಪ ಸಂಖ್ಯೆಗಳು) ಆಯ್ದರೆ ಪಹಣಿಯಲ್ಲಿರುವ ಹೆಸರು, ವಿಸ್ತೀರ್ಣ. ಈ ಕೆಲಸಕ್ಕೆ ಐದಕ್ಕೆ ನಾಲ್ಕು ಅಂಕ.

ಗಡಿ ಗುರುತಿಸುವ ಕೆಲಸಕ್ಕೆ ಮಾತ್ರ ಒಂದೇ ಅಂಕ. ಬಯಲಲ್ಲೇ ಮೊಬೈಲ್ ಜಿಪಿಎಸ್ ಐದು ಮೀಟರ್ ಆಚೀಚೆ ಆಗುತ್ತದೆ, ಅಡಿಕೆ ತೋಟದೊಳಗೆ ಇನ್ನೂ ಹೆಚ್ಚು. ಗುಂಟೆ ಎಂದರೆ 33 ಅಡಿಗೆ 33 ಅಡಿ, ಒಂದೊಂದು ಬದಿ ಸುಮಾರು 10 ಮೀಟರ್. ಮೂರು ಗುಂಟೆಯ ನಿವೇಶನಕ್ಕೆ ಆ್ಯಪ್ ತೋರಿಸುವ ಗೆರೆ ನಂಬಿ ಪಾಯ ತೆಗೆದರೆ ತಕರಾರು ಖಚಿತ. ಕಾಗದದ ಹಳೇ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದರಿಂದಲೂ ಗೆರೆ ಸರಿದಿರುತ್ತದೆ. ತಪ್ಪು ಯಾವುದರದ್ದು ಎಂದು ತಿಳಿಯಲು ಗೊತ್ತಿರುವ ಎರಡು ಗಡಿಕಲ್ಲುಗಳ ಬಳಿ ನಿಂತು ನೋಡಿ. ಎರಡೂ ಕಡೆ ಒಂದೇ ದಿಕ್ಕಿಗೆ ಅಷ್ಟೇ ಸರಿದಿದ್ದರೆ ನಕ್ಷೆಯದ್ದು, ನೋಡಿದಾಗಲೆಲ್ಲ ಬದಲಾದರೆ ಜಿಪಿಎಸ್‌ನದ್ದು. ಪೋಡಿಯಾಗದ, ಅಂದರೆ ಅಳತೆ ಮಾಡಿ ಬೇರ್ಪಡಿಸದ ಹಿಸ್ಸೆಗಂತೂ ಗೆರೆ ಎಲ್ಲಿಂದ ಬರಬೇಕು?

ಉತ್ತರ ಕನ್ನಡದ ಶಿರಸಿ, ಸಿದ್ದಾಪುರದಲ್ಲಿ ಖಾಲಿ ಕಂಡ ಗುಡ್ಡ ಸೊಪ್ಪಿನ ಬೆಟ್ಟವಾಗಿರಬಹುದು. ಪಹಣಿಯಲ್ಲಿ ತೋಟದವರ ಹೆಸರು ಕಂಡರೂ ಅದು ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕು, ಮಾಲೀಕತ್ವ ಅಲ್ಲ. ಅವರಿಂದ ದಾನಪತ್ರ ಬರೆಸಿಕೊಂಡು ಪ್ರಯೋಜನವಿಲ್ಲ. ಅರಣ್ಯವಾದರೆ ಅರಣ್ಯ ಹಕ್ಕು ಕಾಯ್ದೆಯ 3(2) ಕಲಮು ಒಂದು ದಾರಿ. ಪ್ರತಿ ಕಾಮಗಾರಿಗೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರ ಮೀರಬಾರದು, ಗ್ರಾಮಸಭೆಯ ಶಿಫಾರಸು ಬೇಕು. ಅಂಗನವಾಡಿ, ಕುಡಿಯುವ ನೀರು, ರಸ್ತೆ ಆ ಪಟ್ಟಿಯಲ್ಲಿವೆ. ಕಸ ವಿಲೇವಾರಿ ಘಟಕ ಇಲ್ಲ. ಪಂಚಾಯ್ತಿಯ ಠರಾವು ಎಡವಬಹುದಾದ್ದು ಇಲ್ಲೇ.

ಕರಾವಳಿಯ ಲೆಕ್ಕ ಬೇರೆ. ಅಘನಾಶಿನಿ ದಂಡೆಯ ಗಜನಿಗೆ (ಉಪ್ಪುನೀರು ನುಗ್ಗುವ ಗದ್ದೆಗೆ) ಖಾಸಗಿ ಪಹಣಿ ಇದ್ದರೂ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ತಪ್ಪದು. 2019ರ ಅಧಿಸೂಚನೆಯಂತೆ ಸಮುದ್ರದ ಭರತರೇಖೆಯಿಂದ (ಉಬ್ಬರದ ನೀರು ತಲುಪುವ ಗೆರೆಯಿಂದ) 500 ಮೀಟರ್ ಆ ವಲಯ; ಉಬ್ಬರದ ನೀರು ಬರುವ ಹೊಳೆಗೆ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಇದಕ್ಕೆ ಕರಾವಳಿ ವಲಯ ನಿರ್ವಹಣಾ ನಕ್ಷೆಯನ್ನೇ ನೋಡಬೇಕು.

ಜಾಗ ಒಪ್ಪಿಗೆಯಾದ ಮೇಲೆ ಟಿಪ್ಪಣಿ (ಮೂಲ ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣದ ದಾಖಲೆ) ನಕಲು ತೆಗೆಸಿ, ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು ಅರ್ಜಿ ಕೊಡಿ. ಸರ್ವೆಯವರು ಕಲ್ಲು ತೋರಿಸುವ ತನಕ ಗುತ್ತಿಗೆದಾರನಿಗೆ ಕೆಲಸದ ಆದೇಶ ಬೇಡ. ಮತ್ತೆ, ಜೊಯಿಡಾ, ಯಲ್ಲಾಪುರದ ಕಾಡೊಳಗೆ ಹೋಗುವವರು ಸಿಗ್ನಲ್ ನಂಬಬೇಡಿ. ಸರ್ವೆ ನಂಬರ್ ಹಾಕಿ ಹುಡುಕಿ, ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಟ್ಟುಕೊಳ್ಳಿ.