ಜೀನೋ ದಾರಿಯೋ, ಎಪಿಕ್ಯೂರಸ್ ದಾರಿಯೋ?

ಹೇಗೆ ಬಾಳಬೇಕು ಅಂತ ಇಬ್ಬರೂ ಕ್ರಿ.ಪೂ. 300ರ ಆಸುಪಾಸಿನಲ್ಲಿ ಅಥೆನ್ಸಿನಲ್ಲಿ ಪಾಠ ಹೇಳಿದ ಗ್ರೀಕ್ ತತ್ವಜ್ಞಾನಿಗಳು. ಸ್ಟೋಯಿಕ್ ಅನ್ನುವ ಪಂಥ ಕಟ್ಟಿದ ಜೀನೋಗೆ ಸದ್ಗುಣ ಒಂದೇ ನಿಜವಾದ ಒಳ್ಳೆಯದು; ದುಡ್ಡು, ಆರೋಗ್ಯ ಇದ್ದರೆ ಸರಿ, ಇಲ್ಲದಿದ್ದರೂ ಬಾಳು ಕೆಡುವುದಿಲ್ಲ. ಎಪಿಕ್ಯೂರಸ್‌ಗೆ ನೋವಿಲ್ಲದ ಮೈ, ಕಳವಳವಿಲ್ಲದ ಮನಸ್ಸೇ ಗುರಿ. ಮಜಾ ಮಾಡು ಅಂದವನು ಅಂತ ಸುಮ್ನೆ ಅವನ ಹೆಸರು ಕೆಡಿಸಿದ್ದಾರೆ, ಒಂದು ಪುಟ್ಟ ಗಡಿಗೆ ಚೀಸ್ ಕಳಿಸು, ಬೇಕೆನಿಸಿದಾಗ ಹಬ್ಬ ಮಾಡುತ್ತೇನೆ ಅಂತ ಗೆಳೆಯನಿಗೆ ಬರೆದ ಮನುಷ್ಯ ಅವನು! ಆತ್ಮವೂ ಅಣುಗಳೇ, ಸತ್ತಾಗ ಚದುರಿಹೋಗುತ್ತದೆ, ಮತ್ತೆ ಹೆದರುವುದು ಯಾಕೆ ಅನ್ನುತ್ತಾನೆ.

ಖಚಿತ ಜ್ಞಾನ ಅಂದರೇನು ಅಂತ ಜೀನೋ ಕೈಯಲ್ಲೇ ತೋರಿಸುತ್ತಿದ್ದನಂತೆ: ಬಿಚ್ಚಿದ ಅಂಗೈ ಕಂಡದ್ದು, ಬೆರಳು ಸ್ವಲ್ಪ ಮಡಚಿದರೆ ಒಪ್ಪಿದ್ದು, ಮುಷ್ಟಿ ಕಟ್ಟಿದರೆ ಗ್ರಹಿಸಿದ್ದು, ಆ ಮುಷ್ಟಿಯನ್ನು ಇನ್ನೊಂದು ಕೈ ಬಿಗಿಯಾಗಿ ಹಿಡಿದರೆ ಜ್ಞಾನ. ಎಪಿಕ್ಯೂರಸ್ ಇಂದ್ರಿಯಗಳನ್ನೇ ನಂಬಿದ.

ಊರ ಜವಾಬ್ದಾರಿ ಹೊತ್ತವರಿಗೆ ಜೀನೋ ಸರಿ. ರಾಜಕೀಯ ಬೇಡಪ್ಪ, ನಾಲ್ಕು ಗೆಳೆಯರಿದ್ದರೆ ಸಾಕು ಅನ್ನುವವರಿಗೆ ಎಪಿಕ್ಯೂರಸ್. ನನಗೆ ಅವನೇ ಜಾಸ್ತಿ ಇಷ್ಟ, ಅವನು ಪಾಠ ಹೇಳುತ್ತಿದ್ದ ತೋಟದಲ್ಲಿ ಹೆಂಗಸರಿಗೂ ಗುಲಾಮರಿಗೂ ಜಾಗವಿತ್ತು.