ಮಾರುತಿ 800ರ ಬಾಗಿಲು ರಿಪೇರಿ: ಮೂರು ಮಳೆಗಾಲ ಕಳೆದ ಮೇಲೆ

ನಮ್ಮದು 2005ರ ಮಾರುತಿ 800. ಗಾಡಿ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ, ಎಲ್ಲರಿಗೂ ಗೊತ್ತಿರುವುದೇ. ಇದು ಅದರ ಮುಂದಿನ ಎರಡು ಬಾಗಿಲುಗಳ ಕಥೆ.

ಊರು ಉಡುಪಿ ಕಡೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಮೇಲಿಂದ ಉಪ್ಪುಗಾಳಿ. ಬಾಗಿಲಿನ ಅಡಿಯಲ್ಲಿ ಕಡಲೆಬೇಳೆಯಷ್ಟು ಗುಳ್ಳೆ ಎದ್ದಾಗ ಸುಮ್ನೆ ಬಿಟ್ಟೆ. ತಪ್ಪು ನನ್ನದೇ. ಗುಳ್ಳೆ ಅಂಗೈ ಅಗಲ ಆದ ಮೇಲೆ ಪೇಟೆಯ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಒಂಬತ್ತು ಸಾವಿರ ತೆಗೆದುಕೊಂಡು ಎರಡೇ ದಿನದಲ್ಲಿ ಕನ್ನಡಿಯಂಥ ಬಾಗಿಲು ಕೊಟ್ಟರು. ಆ ಖುಷಿ ಇದ್ದದ್ದು ಆಗಸ್ಟ್ ತನಕ. ಪೇಂಟ್ ಮತ್ತೆ ಉಬ್ಬಿತು.

ಗುಟ್ಟು ಹೊರಬಿದ್ದದ್ದು ಮಗಳಿಂದ. ಫ್ರಿಜ್ಜಿನ ಚಿಟ್ಟೆ ಮ್ಯಾಗ್ನೆಟ್ ತಂದು ಕಾರಿಗೆ ಅಂಟಿಸಿ ಆಡುತ್ತಿದ್ದಳು. ಹಿಡಿಕೆಯ ಹತ್ತಿರ ಗಟ್ಟಿಯಾಗಿ ಕೂತ ಚಿಟ್ಟೆ, ಬಾಗಿಲಿನ ಅಡಿಗೆ ತಂದರೆ ಜಾರಿ ನೆಲಕ್ಕೆ. ಒಂದು ಗೇಣು ಉದ್ದಕ್ಕೂ ಹಾಗೇ. ತಗಡು ಇದ್ದರೆ ತಾನೇ ಹಿಡಿಯುವುದು! ಆ ಜಾಗದಲ್ಲಿ ಇದ್ದದ್ದು ಬರೀ ಪುಟ್ಟಿ, ಅಂದರೆ ಪೇಂಟಿಗೆ ಮೊದಲು ತಗ್ಗು ತುಂಬಲು ಮೆತ್ತುವ ಲೇಪ.

2022ರ ನವೆಂಬರಿನಲ್ಲಿ ಹೆದ್ದಾರಿ ಬದಿಯ ಶೆಡ್ ಒಂದಕ್ಕೆ ಹೋದೆ. ಬೋರ್ಡೂ ಇಲ್ಲ. ಟಿಂಕರ್ ಸ್ಕ್ರೂಡ್ರೈವರಿನ ಹಿಡಿಯಿಂದ ಎರಡು ಸಲ ಕುಟ್ಟಿ, "ಇದನ್ನು ನಾನು ಮುಟ್ಟಿದರೆ ಕತ್ತರಿಸಿಯೇ ಮುಟ್ಟುವುದು ಮಾರಾಯ್ರೆ" ಅಂದರು. ಒಳಗಿನ ಪ್ಯಾಡ್ ಬಿಚ್ಚಿದಾಗ ಅಡಿಯಲ್ಲಿ ಒಂದು ಲೋಟದಷ್ಟು ಕೆಸರು. ಅದರ ತುಂಬ ಗಾಳಿಮರದ ಎಲೆ. ಸೂಜಿಯಂಥ ಎಲೆ ಅಲ್ವಾ, ಗ್ಲಾಸಿನ ಬೀಡಿಂಗ್, ಅಂದರೆ ರಬ್ಬರ್ ಪಟ್ಟಿಯ ಸಂದಿಯಲ್ಲಿ ಸಲೀಸಾಗಿ ಇಳಿದಿದೆ.

ಆವತ್ತು ತಿಳಿದದ್ದು ಇದು. ಬಾಗಿಲಿನ ಒಳಗೆ ನೀರು ಹೋಗುವುದು ತಪ್ಪೇ ಅಲ್ಲ. ಗ್ಲಾಸಿನ ಮೇಲೆ ಬಿದ್ದ ಮಳೆ ಸ್ವಲ್ಪ ಒಳಗೆ ಇಳಿದೇ ಇಳಿಯುತ್ತದೆ. ಅದು ಹೊರಗೆ ಹೋಗಲೆಂದೇ ತಳದಲ್ಲಿ ಸಣ್ಣ ತೂತುಗಳಿವೆ. ನನ್ನ ಬಾಗಿಲಿನಲ್ಲಿ ಅರ್ಧ ಕೆಸರಿಂದ ಮುಚ್ಚಿತ್ತು, ಇನ್ನರ್ಧ ಹಿಂದಿನವರ ಪುಟ್ಟಿಯಿಂದ. ಹೊರಗಿನ ತಗಡು ಒಳಗಿನ ಫ್ರೇಮಿಗೆ ಮಡಚಿಕೊಳ್ಳುವ ಜಾಗದಲ್ಲಿ ನೀರು ನಿಂತು, ತುಕ್ಕು ಒಳಗಿಂದ ಹೊರಗೆ ತಿನ್ನುತ್ತಾ ಬಂದಿದೆ. ಗುಳ್ಳೆ ನಮ್ಮ ಕಣ್ಣಿಗೆ ಬೀಳುವಾಗ ಒಳಗಿನ ಕೆಲಸ ಮುಗಿದಿರುತ್ತದೆ.

ಅಡಿಯ ಮೂರು ಇಂಚು ಕತ್ತರಿಸಿ ಹೊಸ ತಗಡು ಕೂರಿಸಿದರು. ಬಿಸಿಗೆ ತಗಡು ಸೊಟ್ಟ ಆಗಬಾರದೆಂದು ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ವೆಲ್ಡಿಂಗ್, ನಡುವೆ ಒದ್ದೆ ಬಟ್ಟೆ ಒತ್ತುವುದು. ಒಂದು ಬಾಗಿಲಿಗೇ ಒಂದು ದಿನ. ಪುಟ್ಟಿ ಹಾಕಲಿಲ್ಲ ಅಂತಲ್ಲ, ಉಗುರಿನಷ್ಟು ತೆಳ್ಳಗೆ ಹಾಕಿದರು. ಹಿಂಜ್, ಬೀಡಿಂಗ್, ಪೇಂಟ್ ಎಲ್ಲ ಸೇರಿ ಹದಿನಾರು ಸಾವಿರ. ಗಾಡಿ ಮಾರಿದರೆ ಸಿಗುವ ದುಡ್ಡಿಗೆ ಹೋಲಿಸಿದರೆ ಹುಚ್ಚುತನವೇ. ಆದರೆ ನನ್ನ ಓಡಾಟ ದಿನಕ್ಕೆ ಎಂಟು ಕಿಲೋಮೀಟರ್. ಅದಕ್ಕೆ ಸಾಲ ಮಾಡಿ ಹೊಸ ಕಾರು ತರುವವನು ನಾನಲ್ಲ.

ದೂರು ಇಲ್ಲವಾ? ಇದೆ. ಬಣ್ಣ ಕೂಡಲಿಲ್ಲ. ಮಾಸಿದ ಬಿಳಿಯ ನಡುವೆ ಎರಡು ಬಾಗಿಲು ಮಾತ್ರ ಹಲ್ಲುಸೆಟ್ ಕಟ್ಟಿಸಿಕೊಂಡ ಹಾಗೆ ಹೊಳೆಯುತ್ತವೆ. ಬಾಗಿಲಿನ ಸುತ್ತ ಹಾಕಿದ ಹೊಸ ಬೀಡಿಂಗ್ ಬಿಗಿ ಜಾಸ್ತಿ, ಮೊದಲ ಆರು ತಿಂಗಳು ಬಾಗಿಲು ಎರಡೆರಡು ಸಲ ಹಾಕಬೇಕಿತ್ತು. ಈಗ ಒಂದೇ ಏಟಿಗೆ ಟಪ್ ಅಂತ ಕೂರುತ್ತದೆ. ಆ ಸದ್ದಿಗೋಸ್ಕರ ಕೆಲವೊಮ್ಮೆ ಸುಮ್ನೆ ತೆಗೆದು ಹಾಕುತ್ತೇನೆ. ಹಿಂಜ್ ಸವೆದು ಬಾಗಿಲು ಜಗ್ಗಿದ್ದ ಕಾಲದ ಅಭ್ಯಾಸ ಅಪ್ಪನಿಗೆ ಇನ್ನೂ ಹೋಗಿಲ್ಲ, ಈಗಲೂ ಮೇಲೆತ್ತಿಯೇ ಹಾಕುತ್ತಾರೆ.

ಮಳೆಗಾಲದಲ್ಲಿ ಪ್ರತಿ ಭಾನುವಾರ ಕಾಫಿ ಕುಡಿದು ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದುಕೊಂಡು ಹೋಗುತ್ತೇನೆ. ಕುಕ್ಕರಗಾಲಲ್ಲಿ ಕೂತು ತೂತಿಗೆ ಕಡ್ಡಿ ಹಾಕಿ ತಿರುಗಿಸಿದರೆ ಎರಡು ಗಾಳಿಮರದ ಎಲೆ, ಆಮೇಲೆ ನಾಲ್ಕು ಹನಿ ನೀರು. ಮೊದಲ ವರ್ಷ ಆ ನೀರು ಕೆಂಪಾಗಿದ್ದರೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಮೂರನೇ ಮಳೆಗಾಲ ಮುಗಿಯಿತು, ಇನ್ನೂ ತಿಳಿಯಾಗಿಯೇ ಇದೆ.

ಹಿಂದಿನ ಎಡಬಾಗಿಲಿನಲ್ಲಿ ಮಾತ್ರ ಮೊನ್ನೆ ಒಂದು ಕಡಲೆಬೇಳೆ ಕಂಡಿದೆ. ಚಿಟ್ಟೆ ಇನ್ನೂ ಅಂಟುತ್ತಿದೆ. ಶೆಡ್‌ಗೆ ಫೋನ್ ಮಾಡಿದ್ದೇನೆ, ಮುಂದಿನ ವಾರ ತನ್ನಿ ಅಂದಿದ್ದಾರೆ.