ನಮ್ಮ ಸಭೆಯ (ಚರ್ಚಿನ) ಬುಧವಾರದ ಮನೆ ಕೂಟ: 2 ವರ್ಷ ಹೋದ ಮೇಲೆ ನನ್ನ ಅನುಭವ

ಭಾನುವಾರ ಆರಾಧನೆ ಮುಗಿದ ಕೂಡಲೇ ಮನೆಗೆ ಹೊರಡುತ್ತಿದ್ದವಳು ನಾನು. ಪಕ್ಕದಲ್ಲಿ ಕೂತವರ ಹೆಸರೂ ಗೊತ್ತಿರಲಿಲ್ಲ. ಸಭಾಪಾಲಕರು ಮೂರನೇ ಸಲ ಕರೆದಾಗ ಈ ಕೂಟಕ್ಕೆ ಹೋದೆ.

ಎಂಟು-ಹತ್ತು ಜನ, ಯಾರದ್ದಾದರೂ ಮನೆ. ಹಾಡು, ಬೈಬಲಿನ ಒಂದು ಅಧ್ಯಾಯ, ಪ್ರಾರ್ಥನೆ. ಅಷ್ಟೇ. ಮೊದಲ ಕ್ರೈಸ್ತ ವಿಶ್ವಾಸಿಗಳು ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ ಇವುಗಳಲ್ಲಿ ನಿರತರಾಗಿದ್ದರು ಅಂತ ಬೈಬಲಿನ ಅಪೊಸ್ತಲರ ಕೃತ್ಯಗಳು 2:42ರಲ್ಲಿದೆ. ಅನ್ಯೋನ್ಯತೆ ಅಂದರೆ ಏನು ಅಂತ ನನಗೆ ತಿಳಿದದ್ದು ಅಮ್ಮ ಆಸ್ಪತ್ರೆ ಸೇರಿದಾಗ. ಕೂಟದ ಅಕ್ಕ ಒಬ್ಬರು ರಾತ್ರಿ ಬಂದರು. ಉಪದೇಶ ಏನೂ ಮಾಡಲಿಲ್ಲ. "ನೀನು ಸ್ವಲ್ಪ ಮಲಗು, ನಾನು ನೋಡ್ಕೋತೀನಿ" ಎಂದು ಕುರ್ಚಿ ಎಳೆದುಕೊಂಡು ಕೂತರು. ಬೆಳಗ್ಗೆ ಕಣ್ಣು ಬಿಟ್ಟಾಗ ಅಮ್ಮನ ಕೈ ಇನ್ನೂ ಅವರ ಕೈಯಲ್ಲೇ ಇತ್ತು. ಒಂದು ಅಂಗ ನೊಂದರೆ ಉಳಿದವೂ ನೋಯುತ್ತವೆ ಅಂತ ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದದ್ದು ಇದನ್ನೇ ಅಲ್ವಾ?

ಒಂದು ದೂರೂ ಇದೆ. ಪ್ರಾರ್ಥನೆಗೆಂದು ಹೇಳಿಕೊಂಡ ನನ್ನ ಮನೆಯ ವಿಷಯ ಹೊರಗಿನವರ ಬಾಯಲ್ಲಿ ಕೇಳಿಸಿತು. ತುಂಬಾ ನೋವಾಯಿತು. ಕೂಟ ಬಿಟ್ಟೇಬಿಡೋಣ ಅನ್ನಿಸಿತ್ತು. ಮತ್ತಾಯ 18:15 ಹೇಳುವಂತೆ, ಆ ವಿಷಯ ಹೊರಗೆ ಹೇಳಿದವರ ಹತ್ತಿರ ಒಬ್ಬಳೇ ಹೋಗಿ ಮಾತಾಡಿದೆ. ಅವರು ಅತ್ತರು, ಕ್ಷಮೆ ಕೇಳಿದರು. ಈಗ ಪ್ರತಿ ವಾರ ಶುರುವಿನಲ್ಲೇ "ಇಲ್ಲಿನ ಮಾತು ಇಲ್ಲೇ ಇರಲಿ" ಎಂದು ನೆನಪಿಸುತ್ತಾರೆ.

ಹೊಸಬರಿಗೆ ಮಾತಾಡಲು ಸಮಯ ಇನ್ನೂ ಸಾಲದು. ಆದರೂ ಸಭೆಯಲ್ಲಿ ಒಂಟಿ ಅನ್ನಿಸುವವರು ಖಂಡಿತ ಬನ್ನಿ. ಮೊದಲ ತಿಂಗಳು ಸುಮ್ನೆ ಕೂತು ಕೇಳಿದರೂ ಯಾರೂ ಒತ್ತಾಯ ಮಾಡುವುದಿಲ್ಲ.